ಮನೆಮಂದಿಗೆ ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ: 41 ಗಂಟೆಯದ್ದೋ, 210 ಗಂಟೆಯದ್ದೋ? ಅನುಭವ ಇದ್ದವರು ಹೇಳಿ

ಮೊದಲ ಗಾಡಿ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ನಾನು, ಹೆಂಡತಿ, 13 ವರ್ಷದ ಮಗಳು, 9 ವರ್ಷದ ಮಗ. ಕೂತು ಓಡಿಸುವ ಮೂರು ಸೀಟಿನ ಗಾಡಿ ನೋಡ್ತಿದ್ದೇವೆ. ಸಿಹಿನೀರಲ್ಲೇ ಓಡಾಟ. ಆಗಾಗ ಹಿಂದೆ ಟ್ಯೂಬ್ ಕಟ್ಟಿ ಮಕ್ಕಳನ್ನು ಎಳೆಯಬೇಕು. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು 2012ರ ಯಮಹಾ ವಿಎಕ್ಸ್ ಡಿಲಕ್ಸ್, 210 ಗಂಟೆ ಓಡಿದೆ. ಇನ್ನೊಂದು ಹೆಚ್ಚುಕಮ್ಮಿ ಅದೇ ವಯಸ್ಸಿನ ಸೂಪರ್‌ಚಾರ್ಜ್ಡ್ ಗಾಡಿ (ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸೋದು), ಬರೀ 41 ಗಂಟೆ. ಬೆಲೆ ಎರಡಕ್ಕೂ ಒಂದೇ. ಕಮ್ಮಿ ಓಡಿದ್ದೇ ಒಳ್ಳೆಯದು ಅಲ್ವಾ?

ಕೆರೆದಂಡೆ:
41 ಗಂಟೆ ಅಂತ ಓದಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಆಯಿತು. ನಾನು ತಗೊಂಡದ್ದು 38 ಗಂಟೆಯ ಗಾಡಿ. ಅದೂ ಸೂಪರ್‌ಚಾರ್ಜ್ಡ್. ಏಳು ವರ್ಷ ಹಳೆಯದು. ಏಳು ವರ್ಷಕ್ಕೆ 38 ಅಂದರೆ ವರ್ಷಕ್ಕೆ ಐದೂವರೆ ಗಂಟೆ ಕೂಡ ಇಲ್ಲ. ಉಳಿದ ಹೊತ್ತೆಲ್ಲ ಶೆಡ್‌ನಲ್ಲಿ ನಿಂತಿತ್ತು. ನಿಂತ ಗಾಡಿಯಲ್ಲಿ ಸೀಲ್ ಒಣಗುತ್ತದೆ. ಪೆಟ್ರೋಲ್ ಹಳಸಿ ಅಂಟಾಗುತ್ತದೆ. ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಸೀಟು ಎತ್ತಿದರೆ ಎಂಜಿನ್ ಫಳಫಳ ಹೊಳೀತಿತ್ತು. ಆ ಹೊಳಪು ನೋಡಿಯೇ ದುಡ್ಡು ಕೊಟ್ಟೆ. ನೀರಿಗಿಳಿಸಿ ನೋಡಲಿಲ್ಲ.

ಖರ್ಚಿನ ಲೆಕ್ಕ ಹೇಳ್ತೀನಿ. ಗಾಡಿಗೆ ಕೊಟ್ಟದ್ದು ನೂರು ಅಂದುಕೊಳ್ಳಿ. ಮೊದಲ ವಾರವೇ ಬ್ಯಾಟರಿ, ಎರಡು. ಟ್ರೇಲರ್‌ನ ಎರಡೂ ಟೈರ್ ಬಿರುಕು ಬಿಟ್ಟಿದ್ದವು, ಬೇರಿಂಗ್ ತುಕ್ಕು ಹಿಡಿದಿತ್ತು, ಸೇರಿ ಐದು. ಟ್ಯಾಂಕ್ ಖಾಲಿ ಮಾಡಿಸಿ ಇಂಜೆಕ್ಟರ್ ತೊಳೆಸಿದ್ದು ನಾಲ್ಕು. ನಾಲ್ಕನೇ ಸಲ ನೀರಿಗಿಳಿದಾಗ ಸೂಪರ್‌ಚಾರ್ಜರ್ ಕ್ಲಚ್ ಜಾರತೊಡಗಿತು. ಪೂರ್ತಿ ಥ್ರಾಟಲ್ ಕೊಟ್ಟರೂ 7000 ಆರ್‌ಪಿಎಂ ದಾಟ್ತಿರಲಿಲ್ಲ. ಮೆಕ್ಯಾನಿಕ್ ಇನ್ನು ಓಡಿಸಬೇಡಿ, ಬಿಚ್ಚಿ ನೋಡೋಣ ಅಂದ. ಇನ್ನೊಂದು ಭಾನುವಾರ ಮಕ್ಕಳು ಆಡಲಿ ಅಂತ ನಾನು ತಡೆದೆ. ಆ ಭಾನುವಾರವೇ ಅದು ಒಡೆದು ಚೂರೆಲ್ಲ ಎಂಜಿನ್ ಒಳಗೆ ಹೋಯಿತು. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿದೆವು. ಕಾಗದದ ಮಡಿಕೆ ಮಡಿಕೆಯಲ್ಲೂ ಲೋಹದ ಪುಡಿ. ಬೆರಳಲ್ಲಿ ಒರೆಸಿದರೆ ಬೆಳ್ಳಿ ಬಣ್ಣ ಹತ್ತುತ್ತಿತ್ತು. ಸೂಪರ್‌ಚಾರ್ಜರ್‌ಗೆ ಹನ್ನೆರಡು. ಎಂಜಿನ್ ಬಿಚ್ಚಿ ಕಟ್ಟಿದ್ದಕ್ಕೆ ನಲವತ್ತೆರಡು. ಒಟ್ಟು ಅರವತ್ತೈದು. ಆ ವರ್ಷ ಮಕ್ಕಳು ನೀರಿಗಿಳಿದದ್ದು ಐದೇ ಸಲ.

ವಿಎಕ್ಸ್ 643:
ಮನೆಮಂದಿ ಓಡಿಸೋ ಗಾಡಿಗೆ ಸೂಪರ್‌ಚಾರ್ಜರ್ ಯಾಕೆ ಬೇಕು? ನನ್ನದು 2007ರ ವಿಎಕ್ಸ್. 1052 ಸಿಸಿ, 110 ಹಾರ್ಸ್‌ಪವರ್, ನಾಲ್ಕು ಸಿಲಿಂಡರ್. ಇವತ್ತಿಗೆ 643 ಗಂಟೆ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ.

ತಗೊಂಡಾಗಲೇ 290 ಆಗಿತ್ತು. ಮನೆಯಲ್ಲಿ ಎಲ್ಲರೂ ಬೈದರು. ಆದರೆ ಮಾರಿದವರ ಹತ್ತಿರ ಒಂದು ಹಳೇ ನೋಟ್‌ಬುಕ್ ಇತ್ತು. ಪ್ರತಿ ಸಲ ಆಯಿಲ್ ಬದಲಿಸಿದ ದಿನ, ಆಗಿನ ಗಂಟೆ, ಪ್ಲಗ್ ಹಾಕಿದ್ದು, ಗ್ರೀಸ್ ಹಚ್ಚಿದ್ದು, ಎಲ್ಲ ನೀಲಿ ಪೆನ್ನಲ್ಲಿ ಬರೆದಿಟ್ಟಿದ್ದರು. ಅವರೇ ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆದು ತೋರಿಸಿದರು. ನಾಲ್ಕು ಸಿಲಿಂಡರ್ ನಡುವೆ 5 ಪಿಎಸ್‌ಐ ಕೂಡ ವ್ಯತ್ಯಾಸ ಇರಲಿಲ್ಲ. ಶೇಕಡಾ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೈಮುಗಿದು ವಾಪಸ್ ಬನ್ನಿ.

ಖರ್ಚೇ ಆಗಿಲ್ಲ ಅಂತಲ್ಲ. ಬ್ಯಾಟರಿ ಮೂರು. ಸೀಟ್ ಕವರ್ ಒಂದು. ಒಮ್ಮೆ ದಡದ ಹತ್ತಿರ ಆತುರಪಟ್ಟು ಸ್ಟಾರ್ಟ್ ಮಾಡಿದೆ, ಪಂಪ್ ಕಲ್ಲು ಎಳೆದುಕೊಂಡಿತು. ನೀರು ಹಿಂದಕ್ಕೆ ತಳ್ಳೋ ಫ್ಯಾನ್, ಅಂದರೆ ಇಂಪೆಲರ್‌ನ ಮೂರೂ ಎಲೆ ಬಗ್ಗಿದವು. ಕೆರೆದಂಡೆಯವರ ಲೆಕ್ಕದಲ್ಲಿ ಹೇಳೋದಾದರೆ ಅದಕ್ಕೆ ಏಳು. ಆವತ್ತಿಂದ ಸೊಂಟದ ಮಟ್ಟ ನೀರು ಬರೋತನಕ ನಾನು ಕೀ ಮುಟ್ಟೋದಿಲ್ಲ. ಬೇರೆ ಬ್ರ್ಯಾಂಡ್ ನೋಡಲೇಬೇಡಿ.

ಉಪ್ಪುನೀರು:
ಬೇರೆ ಬ್ರ್ಯಾಂಡ್ ನೋಡಲೇಬೇಡಿ ಅಂತ ಹೇಳೋಕೆ ನೀವು ಬೇರೆ ಎಷ್ಟು ಓಡಿಸಿದ್ದೀರಿ? ನನ್ನದು 2014ರ ಸೀ-ಡೂ ಜಿಟಿಐ ಎಸ್‌ಇ 155. ರೋಟಾಕ್ಸ್ 1494 ಸಿಸಿ ಎಂಜಿನ್. ಸೂಪರ್‌ಚಾರ್ಜರ್ ಇಲ್ಲ. ಐದು ವರ್ಷದಿಂದ ಸಮುದ್ರದಲ್ಲೇ ಓಡಿಸ್ತಿದ್ದೇನೆ. ಇದರ ಕೂಲಿಂಗ್ ಕ್ಲೋಸ್ಡ್ ಲೂಪ್. ಕಾರಿನ ಹಾಗೆ ಕೂಲೆಂಟ್ ಒಳಗೇ ಸುತ್ತುತ್ತದೆ. ಎಂಜಿನ್ ಬ್ಲಾಕ್‌ಗೆ ಉಪ್ಪುನೀರು ತಾಗೋದೇ ಇಲ್ಲ. ನಿಮ್ಮ ವಿಎಕ್ಸ್‌ನಲ್ಲಿ ಹೊರಗಿನ ನೀರೇ ಎಂಜಿನ್ ಒಳಗೆ ಓಡುತ್ತದೆ.

ಇನ್ನು ಬ್ರೇಕ್. ಐಬಿಆರ್ ಅನ್ನೋ ಬ್ರೇಕ್ ಬಂದದ್ದೇ 2009ರ ಸೀ-ಡೂನಲ್ಲಿ. ಯಮಹಾದವರ ಬ್ರೇಕ್, ರೈಡ್ ಅಂತಾರೆ, ಬಂದದ್ದು 2015ಕ್ಕೆ. ನನ್ನ ತಂಗಿಯ ಮಗ ಒಮ್ಮೆ ಎದುರಿನ ಟ್ಯೂಬಿಂದ ಉರುಳಿ ಸರಿಯಾಗಿ ನಮ್ಮ ದಾರಿಗೇ ಬಿದ್ದ. ಎಡಗೈ ಲಿವರ್ ಹಿಡಿದೆ. ಗಾಡಿ ಮೂತಿ ತಗ್ಗಿಸಿ ನಿಂತಿತು. ಅವನ ಕೆಂಪು ಲೈಫ್ ಜಾಕೆಟ್ ಮೂತಿಯಿಂದ ಎರಡು ಮಾರು ದೂರದಲ್ಲಿತ್ತು. ಆ ಬ್ರೇಕ್‌ಗೆ ನಾನು ಎಷ್ಟು ಬೇಕಾದರೂ ಕೊಡ್ತೀನಿ.

ಖರ್ಚು ಅಂದರೆ ವೇರ್ ರಿಂಗ್ ಮೂರು ಸಲ ಬದಲಿಸಿದ್ದೇನೆ. ಅದು ಪ್ಲಾಸ್ಟಿಕ್ ಬಳೆ. ಸವೆಯೋದೇ ಅದರ ಕೆಲಸ, ಇಂಪೆಲರ್ ಉಳಿಸುತ್ತದೆ. ನನ್ನ ಕೈಯಿಂದಲೇ ಹಾಕ್ತೀನಿ. ಫ್ಲಶ್ (ನಲ್ಲಿ ನೀರು ಹಾಯಿಸಿ ಒಳಗೆ ತೊಳೆಯೋದು) ಕೂಡ ಪ್ರತಿ ಸಲ ಮಾಡೋದಿಲ್ಲ. ಕ್ಲೋಸ್ಡ್ ಲೂಪ್‌ಗೆ ಅದೇನು ಬೇಕಿಲ್ಲ.

ಸ್ಪ್ಯಾನರ್:
ಉಪ್ಪುನೀರು ಅವರೇ, ಉಳಿದದ್ದು ನಿಮ್ಮಿಷ್ಟ. ಆದರೆ ಆ ಕೊನೆ ಮಾತು ನೋಡಿ ಯಾರಾದರೂ ಗಾಡಿ ಹಾಳು ಮಾಡಿಕೊಳ್ತಾರೆ. ಬ್ಲಾಕ್ ಮಾತ್ರ ಕ್ಲೋಸ್ಡ್. ಎಕ್ಸಾಸ್ಟ್ ತಣ್ಣಗಾಗೋದು ಹೊರಗಿನ ನೀರಿಂದಲೇ. ನಾನು ಇದೇ ಕೆಲಸ ಮಾಡೋನು. ಮೇಲಿಂದ ಹೊಸದರ ಹಾಗಿದ್ದ ಎಕ್ಸಾಸ್ಟ್ ಬಿಚ್ಚಿದಾಗ ಒಳಗಡೆ ಬಿಳಿ ಉಪ್ಪು ಗಟ್ಟಿ ಕಟ್ಟಿ ನೀರಿನ ದಾರಿ ಕಿರುಬೆರಳಷ್ಟೂ ಉಳಿದಿರಲಿಲ್ಲ. ಪ್ರತಿ ಸಲ ಫ್ಲಶ್ ಮಾಡಿ. ಮೊದಲು ಎಂಜಿನ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ಉಲ್ಟಾ ಮಾಡಿದರೆ ನೀರು ಎಕ್ಸಾಸ್ಟ್ ದಾರಿಯಿಂದ ಸಿಲಿಂಡರ್‌ಗೇ ಹೋಗುತ್ತದೆ.

ಉಪ್ಪುನೀರು:
ಐದು ವರ್ಷದಿಂದ ನನ್ನ ಗಾಡಿಗೆ ಏನೂ ಆಗಿಲ್ಲ. ಮೆಕ್ಯಾನಿಕ್‌ಗಳಿಗೆ ಕೆಟ್ಟ ಗಾಡಿ ಮಾತ್ರ ಕಾಣೋದು.

ಸ್ಪ್ಯಾನರ್:
ಒಳಗೆ ನೋಡದೆ ಏನೂ ಆಗಿಲ್ಲ ಅಂತ ಹೇಗೆ ಗೊತ್ತು? ಬಿಚ್ಚಿ ನೋಡಿ.

ಅಲೆ ಅಮ್ಮ:
ಎಂಜಿನ್ ಜಗಳ ಆಮೇಲೆ ಆಡಿ. ನೀರಿಗೆ ಬಿದ್ದವರು ಮತ್ತೆ ಹತ್ತೋದು ಹೇಗೆ ಅಂತ ಒಬ್ಬರಾದರೂ ಹೇಳಿದಿರಾ?

ನಾವು ತಗೊಂಡದ್ದು ಹಗುರದ ಚಿಕ್ಕ ಗಾಡಿ. ಮೂರು ಸೀಟು ಅಂತ ಬರೆದಿತ್ತು. ನಾನು, ಯಜಮಾನರು, ಮಗಳು ಕೂತೆವು. ನಿಂತಲ್ಲೇ ತೂಗಾಡ್ತಿತ್ತು. ಎರಡನೇ ದಿನ ಮಗುಚಿತು. ಹಿಂದುಗಡೆ ಹತ್ತೋ ಮೆಟ್ಟಿಲು ಇರಲಿಲ್ಲ. ನಾನು ಹಿಂಬದಿ ಹಿಡಿದು ಮೈ ಎತ್ತಿದರೆ ಗಾಡಿಯೇ ನನ್ನ ಮೇಲೆ ವಾಲುತ್ತಿತ್ತು. ಲೈಫ್ ಜಾಕೆಟ್ ಅಂಚು ರಬ್ಬರ್ ಮ್ಯಾಟ್‌ಗೆ ಸಿಕ್ಕಿಕೊಳ್ತಿತ್ತು. ಹದಿನೈದು ನಿಮಿಷ ಒದ್ದಾಡಿದೆ. ತೋಳು ಸೋತು ಹೋಯಿತು. ಮಗಳು ಪಕ್ಕದಲ್ಲಿ ಅಮ್ಮ ಅಮ್ಮ ಅಂತ ಅಳ್ತಿದ್ದಳು. ಆ ಅಳು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಮೆಟ್ಟಿಲು ಹಾಕಿಸಿದೆವು. ಮೂರು ತಿಂಗಳಿಗೆ ನಷ್ಟದಲ್ಲಿ ಮಾರಿದೆವು, ನೂರಕ್ಕೆ ಎಪ್ಪತ್ತೊಂದು ಬಂತು. ಈಗಿರೋದು ದೊಡ್ಡ ತಳದ ಕವಾಸಾಕಿ ಎಸ್‌ಟಿಎಕ್ಸ್-15ಎಫ್. ಒಬ್ಬರು ಹಿಂದಿಂದ ಹತ್ತಿದರೂ ಅಲ್ಲಾಡೋದು ಕಮ್ಮಿ.

ಇನ್ನೊಂದು. ಗಾಡಿಯ ಹಿಂದೆ ಬಾಣದ ಗುರುತಿನ ಸ್ಟಿಕ್ಕರ್ ಇರುತ್ತದೆ. ಮಗುಚಿದರೆ ಎಂಜಿನ್ ಆಫ್ ಮಾಡಿ ಆ ಬಾಣದ ಕಡೆಗೇ ಉರುಳಿಸಬೇಕು. ನಮ್ಮದರಲ್ಲಿ ಹಿಂದಿನವರು ಅದನ್ನು ಕಿತ್ತು ಹಾಕಿದ್ದರು. ನಾವು ತಪ್ಪು ಕಡೆಗೆ ಉರುಳಿಸಿ ಎಂಜಿನ್‌ಗೆ ನೀರು ನುಗ್ಗಿತು. ಪ್ಲಗ್ ಬಿಚ್ಚಿ ನೀರು ಹಾರಿಸಿ, ಆಯಿಲ್ ನಾಲ್ಕು ಸಲ ಬದಲಿಸಿದ ಮೇಲೆ ಬಿಳಿ ಬಣ್ಣ ಹೋಯಿತು.

ಎರಡು ಸ್ಟ್ರೋಕ್:
ಎಲ್ಲರೂ ದುಡ್ಡಿರೋರ ಮಾತೇ ಆಡ್ತಿದ್ದೀರಿ. ನನ್ನದು 1998ರ ಟೂ ಸ್ಟ್ರೋಕ್. ನಿಮ್ಮ ನೂರರ ಲೆಕ್ಕದಲ್ಲಿ ಹದಿನೆಂಟಕ್ಕೆ ಬಂತು. ಹಳೇ ಪೆಟ್ರೋಲ್ ಪೈಪ್ ಒಳಗೆ ಕರಗಿ ಹಸಿರು ಅಂಟಾಗಿ ಕಾರ್ಬುರೇಟರ್ ಕಟ್ಟಿತ್ತು. ಪೈಪ್ ಪೂರ್ತಿ ಬದಲಿಸಿದೆ, ಎರಡೂ ಕಾರ್ಬುರೇಟರ್ ನಾನೇ ಬಿಚ್ಚಿ ಕಟ್ಟಿದೆ. ಮೂರೇ ಮೂರು ಖರ್ಚು. ಆರು ವರ್ಷದಿಂದ ಓಡ್ತಿದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಕೆಟ್ಟರೆ ನನ್ನ ಕೈಗೆ ಸಿಗುತ್ತದೆ.

ಮತ್ತೆ, ಯಮಹಾ, ಸೀ-ಡೂಗಳನ್ನು ಜೆಟ್ ಸ್ಕೀ ಅನ್ನಬೇಡಿ. ಜೆಟ್ ಸ್ಕೀ ಕವಾಸಾಕಿಯವರ ಹೆಸರು. 1973ರಲ್ಲಿ ನಿಂತು ಓಡಿಸೋ ಗಾಡಿಗೆ ಇಟ್ಟದ್ದು.

ವಿಎಕ್ಸ್ 643:
ಹೆಸರು ಕಟ್ಟಿಕೊಂಡು ಏನು ಮಾಡೋಣ? ಅವರು ಕೇಳಿದ್ದು ಮಕ್ಕಳಿಗೆ ಯಾವುದು ಅಂತ. ಹೊಗೆ, ವಾಸನೆ, ಆಯಿಲ್ ಬೇರೆ ಸುರೀಬೇಕು. ಆಯಿಲ್ ಪಂಪ್ ಕೈಕೊಟ್ಟರೆ ಪಿಸ್ಟನ್ ಹೋಯಿತು. ಸಣ್ಣ ಮಕ್ಕಳಿರೋ ಮನೆಗೆ 1998ರ ಗಾಡಿ ಹೇಳ್ತಾರಾ?

ನನ್ನ ವಿಎಕ್ಸ್ ಡಿಲಕ್ಸ್ ರಿಮೋಟ್‌ನಲ್ಲಿ ಎಲ್ ಮೋಡ್ ಇದೆ. ವೇಗ ಕಟ್ಟಿ ಹಾಕುತ್ತದೆ. ನನ್ನ 12 ವರ್ಷದ ಮಗ ಒಬ್ಬನೇ ಓಡಿಸ್ತಾನೆ.

ಅಲೆ ಅಮ್ಮ:
12 ವರ್ಷದವನು ಒಬ್ಬನೇ? ಗಾಡಿ ಮಾಡುವವರೇ 16 ಆಗಿರಬೇಕು ಅಂತ ಬರೆದಿರ್ತಾರೆ. ಎಲ್ ಮೋಡ್ ವೇಗ ಕಮ್ಮಿ ಮಾಡಬಹುದು. ಹೆದರಿದ ಮಗು ಥ್ರಾಟಲ್ ಬಿಡುತ್ತದೆ. ಥ್ರಾಟಲ್ ಬಿಟ್ಟರೆ ಜೆಟ್ ನೀರು ನಿಲ್ಲುತ್ತದೆ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ಮುಂದಕ್ಕೇ ಹೋಗುತ್ತದೆ. ಎದುರಿಗೆ ಯಾರೋ ಈಜ್ತಿದ್ದರೆ?

ವಿಎಕ್ಸ್ 643:
ನನ್ನ ಮಗನ ಬಗ್ಗೆ ನನಗೆ ಗೊತ್ತಿದೆ ಅಕ್ಕ. ಎರಡು ವರ್ಷ ನನ್ನ ಮುಂದೆ ಕೂರಿಸಿ ಕಲಿಸಿದ್ದೇನೆ.

ಅಲೆ ಅಮ್ಮ:
ಮುಂದೆ ಕೂರಿಸಿದ್ದೂ ತಪ್ಪೇ. ಅಲೆ ಬಡಿದರೆ ಮಗುವಿನ ಮುಖ ಹ್ಯಾಂಡಲ್‌ಗೆ ಹೋಗಿ ಬಡಿಯುತ್ತದೆ. ಹಿಂದೆ ಕೂತು ಕಾಲು ಕೆಳಗೆ ಊರೋಕೆ ಆಗಬೇಕು, ಆಗ ಮಾತ್ರ ಹತ್ತಿಸಬೇಕು. ಹಿಂದಕ್ಕೆ ಬಿದ್ದರೆ ಜೆಟ್ ನೀರಿನ ಹೊಡೆತ ಎಷ್ಟು ಕೆಟ್ಟದ್ದು ಅಂತ ಗೊತ್ತಾ? ಅದಕ್ಕೇ ದಪ್ಪ ವೆಟ್‌ಸೂಟ್ ಚಡ್ಡಿ ಹಾಕಿಸಿ ಅನ್ನೋದು. ನೀವು ಕೋಪ ಮಾಡಿಕೊಂಡರೂ ನಾನು ಹೇಳೋದೇ.

ಕೆರೆದಂಡೆ:
ಅಕ್ಕ ಹೇಳೋದು ಸರಿ. ಇನ್ನೊಂದು ಮರೆತಿದ್ದೆ. ನನ್ನದು ಕೆಟ್ಟು ನಿಂತಾಗ ಒಬ್ಬರು ದೋಣಿಗೆ ಕಟ್ಟಿ ಜೋರಾಗಿ ಎಳೆದರು. ಪುಣ್ಯಕ್ಕೆ ಒಬ್ಬ ಹಿರಿಯರು ಕೂಗಿ ನಿಲ್ಲಿಸಿದರು. ಜೋರಾಗಿ ಎಳೆದರೆ ಪಂಪ್ ಕಡೆಯಿಂದ ನೀರು ನುಗ್ಗಿ ಎಂಜಿನ್ ತುಂಬುತ್ತದೆ. ಗಂಟೆಗೆ 8 ಕಿಲೋಮೀಟರ್ ದಾಟಬಾರದು.

ಮೊದಲ ಗಾಡಿ:
ಎಲ್ಲ ಓದಿದೆ. ನಿನ್ನೆ ಎರಡೂ ನೋಡಿ ಬಂದೆ. 41 ಗಂಟೆಯವರು ನೀರಿಗಿಳಿಸೋಕೆ ಒಪ್ಪಲಿಲ್ಲ. ಟ್ರೇಲರ್ ಮೇಲೇ ಹತ್ತು ಸೆಕೆಂಡ್ ಸ್ಟಾರ್ಟ್ ಮಾಡಿ ತೋರಿಸಿದರು. ನಾನು ಆಯಿಲ್ ನೋಡೋ ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲಿ ಹಾಲು ಹಾಕಿದ ಕಾಫಿ ಬಣ್ಣ.

ವಿಎಕ್ಸ್‌ನವರು ಅರ್ಧ ಗಂಟೆ ಓಡಿಸೋಕೆ ಬಿಟ್ಟರು. ಆಯಿಲ್ ಕಪ್ಪಾಗಿತ್ತು, ಬಿಳಿ ಇರಲಿಲ್ಲ. ಕಂಪ್ರೆಷನ್ ನಾಲ್ಕೂ ಹತ್ತಿರ ಹತ್ತಿರ. ಇಂಪೆಲರ್ ಎಲೆಯಲ್ಲಿ ಎರಡು ಕಚ್ಚು. ಟ್ರೇಲರ್ ಟೈರ್ ಹಳೆಯವು. ಸ್ಟಿಕ್ಕರ್‌ನಲ್ಲಿ ಮೂರು ಜನ, 240 ಕೆಜಿ ಅಂತ ಇತ್ತು. ನಾನು, ಹೆಂಡತಿ, ಮಗಳು ಕೂತರೆ 198. ಹೆಂಡತಿ ನೀರಿಗೆ ಇಳಿದು ಹಿಂದಿನ ಮೆಟ್ಟಿಲಿಂದ ಮೂರು ಸಲ ಹತ್ತಿ ನೋಡಿದಳು. ಮೂರನೇ ಸಲ ನನ್ನ ಸಹಾಯ ಬೇಡ ಅಂದಳು. ಇಂಪೆಲರ್‌ಗೂ ಟೈರ್‌ಗೂ ಬೆಲೆ ಸ್ವಲ್ಪ ಇಳಿಸಿ ಅಂತ ಕೇಳಿದ್ದೇನೆ.

ಸ್ಪ್ಯಾನರ್:
ಒಳ್ಳೆ ಕೆಲಸ ಮಾಡಿದಿರಿ. ಕಾಫಿ ಬಣ್ಣ ಅಂದರೆ ಆಯಿಲ್‌ನಲ್ಲಿ ನೀರು ಸೇರಿದೆ. ವಿಎಕ್ಸ್ ಇಂಪೆಲರ್ ಕಚ್ಚು ಫೈಲ್ ಹೊಡೆದು ಸರಿ ಮಾಡೋಹಾಗಿದೆಯಾ ಅಂತ ಬಿಚ್ಚಿದಾಗ ನೋಡಿಸಿ. ಪಂಪ್ ಬೇರಿಂಗ್ ಕೈಯಲ್ಲಿ ಅಲ್ಲಾಡಿಸಿ ನೋಡಿದಿರಾ?

ಮೊದಲ ಗಾಡಿ:
ಅದು ಮರೆತೆ. ನಾಳೆ ಮತ್ತೆ ಹೋಗ್ತೀನಿ.

ಉಪ್ಪುನೀರು:
ಬ್ರೇಕ್ ಇಲ್ಲದ ಗಾಡಿ ತಗೊಳ್ತಿದ್ದೀರಿ, ನೆನಪಿರಲಿ. ಮತ್ತೆ ಸ್ಪ್ಯಾನರ್ ಅವರೇ, ಈ ಶನಿವಾರ ಎಕ್ಸಾಸ್ಟ್ ಬಿಚ್ಚಿಸ್ತೀನಿ. ಫೋಟೋ ಹಾಕ್ತೀನಿ. ಶುದ್ಧವಾಗಿದ್ದರೆ ನೀವು ಇಲ್ಲೇ ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು.

ಸ್ಪ್ಯಾನರ್:
ಒಪ್ಪಿಕೊಳ್ತೀನಿ. ಗ್ಯಾಸ್ಕೆಟ್ ಹೊಸದು ತರಿಸಿಟ್ಟುಕೊಂಡು ಬಿಚ್ಚಿ. ಹಳೆಯದನ್ನೇ ಮತ್ತೆ ಹಾಕಬೇಡಿ.