ಏಪ್ರಿಲ್ ಕೊನೆಗೆ ಕಲಬುರಗಿ, ಬಂಡೀಪುರ, ಉಡುಪಿ: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಯಜಮಾನರ ಗೆಳೆಯರ ಮಗಳ ಮದುವೆ ಕಲಬುರಗಿಯಲ್ಲಿ. ಮೈಸೂರಿನಿಂದ ಕಾರಿನಲ್ಲಿ ಹೊರಡುತ್ತೇವೆ. ವಾಪಸ್ ಬಂದು ಬಂಡೀಪುರ, ಆಮೇಲೆ ಉಡುಪಿ. ಜೊತೆಗೆ ವಯಸ್ಸಾದ ಅತ್ತೆ, ಐದು ವರ್ಷದ ಮಗಳು. ಬಿಸಿಲು, ಕಾಡ್ಗಿಚ್ಚು, ಸಿಡಿಲು ಎಲ್ಲದರದ್ದೂ ಚಿಂತೆ.

ಕಲಬುರಗಿಯಿಂದ: ಅಕ್ಕಾರ, ಆ ಹೊತ್ತಿಗೆ ನಮ್ಮಲ್ಲಿ 42 ಡಿಗ್ರಿ ಹೊಸದಲ್ಲ. ಬೇಸಿಗೆಯಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊಸಪೇಟೆಯಲ್ಲಿ ರಾತ್ರಿ ಉಳಿದು ನಸುಕಿಗೇ ಹೊರಡಿ. ಹೊರಗಿನವರು ಹಗಲಿಗೆ ಮಾತ್ರ ತಯಾರಾಗಿ ಬರುತ್ತಾರೆ, ಆದರೆ ವಯಸ್ಸಾದವರಿಗೆ ಕಷ್ಟ ಆಗುವುದು ರಾತ್ರಿ. ಹಗಲೆಲ್ಲ ಕಾದ ಮಾಳಿಗೆ, ಶಹಾಬಾದ್ ಕಲ್ಲು ರಾತ್ರಿ ಬಿಸಿ ಬಿಡುತ್ತವೆ. ಅತ್ತೆಯವರಿಗೆ ಕೆಳಗಿನ ಕೋಣೆಯನ್ನೇ ಕೇಳಿ, ನೀರಿನ ಕೂಲರ್ ಇಡಿಸಿ. ಗಾಳಿ ಒಣ ಇರುವುದರಿಂದ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ. ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಬಾಯಾರಿಕೆ ಆಗಲಿ ಎಂದು ಕಾಯಬೇಡಿ, ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಲೇ ಇರಿ. ಮೈ ಸುಡುತ್ತಾ ಮಾತು ತೊದಲಿದರೆ ಮಲಗಿಸಿ ನೋಡೋಣ ಅನ್ನಬೇಡಿ. 108ಕ್ಕೆ ಕರೆ ಮಾಡಿ, ಅವರು ಬರುವ ತನಕ ಮೈಯೆಲ್ಲ ಒದ್ದೆ ಮಾಡಿ ಗಾಳಿ ಬೀಸಿ.

ಗುಂಡ್ಲುಪೇಟೆಯಿಂದ: ಬಂಡೀಪುರದ ಮಟ್ಟಿಗೆ ಏಪ್ರಿಲ್‌ನಲ್ಲಿ ಎರಡು ಒಳ್ಳೆ ಮಳೆ ಬಿದ್ದಿದೆಯಾ ಎಂದು ಕೇಳಿಕೊಂಡು ಹೊರಡಿ. ಬಿದ್ದಿದ್ದರೆ ಕಾಡು ಚಿಗುರಿರುತ್ತದೆ, ಬೆಂಕಿಯ ಭಯ ಕಡಿಮೆ. ಇಲ್ಲದಿದ್ದರೆ ಉದುರಿದ ಎಲೆ, ಒಣ ಬಿದಿರು, ಲಂಟಾನ ಸೇರಿ ಒಂದು ಕಿಡಿ ಸಾಕು. 2019ರ ಫೆಬ್ರವರಿಯಲ್ಲಿ ಇಲ್ಲಿ ಸಾವಿರಾರು ಎಕರೆ ಸುಟ್ಟಿತು. ಅದೇ ತಿಂಗಳು ಯಲಹಂಕದ ವಿಮಾನ ಪ್ರದರ್ಶನದಲ್ಲಿ ಪಾರ್ಕಿಂಗ್ ಜಾಗದ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಹೋದವು. ಹಾಗಾಗಿ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ. ಕಾಡಿನ ರಸ್ತೆಯಲ್ಲಂತೂ ಎಲ್ಲೂ ಇಳಿಯಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಬಂದ್. ಬೆಂಕಿ ಬಿದ್ದರೆ ಸಫಾರಿ ನಿಲ್ಲಿಸಬಹುದು. ಆಗ ಸಿಬ್ಬಂದಿ ಜೊತೆ ದಯವಿಟ್ಟು ವಾದ ಮಾಡಬೇಡಿ. ಬಿಸಿಲಲ್ಲಿ ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸುವವರು ಅವರೇ.

ಹಾಸನದಿಂದ: ನಿಮ್ಮ ದಾರಿಯಲ್ಲಿ ನನಗೆ ಜಾಸ್ತಿ ಭಯ ಸಿಡಿಲಿನದು. ಅಶ್ವಿನಿ, ಭರಣಿ ಮಳೆ ಬರುವ ಕಾಲ ಅದು. ಮಧ್ಯಾಹ್ನದವರೆಗೆ ಉರಿ ಬಿಸಿಲು, ನಾಲ್ಕರ ಮೇಲೆ ಕಪ್ಪು ಮೋಡ, ಗಾಳಿ, ಕೆಲವೊಮ್ಮೆ ಆಲಿಕಲ್ಲು. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನೂ ಮುಟ್ಟಬಹುದು ಎಂದೇ ತಿಳಿಯಿರಿ. ಮಳೆಗೆ ಮರದ ಕೆಳಗೆ ನಿಂತೇ ಪ್ರತಿ ವರ್ಷ ಕುರಿಗಾಹಿಗಳು, ರೈತರು ಸಾಯುತ್ತಾರೆ. ಗಾಜು ಏರಿಸಿ ಕಾರಿನೊಳಗೇ ಇರಿ, ಆದರೆ ಮರದಡಿ ನಿಲ್ಲಿಸಬೇಡಿ, ಕೊಂಬೆ ಮುರಿದು ಬೀಳುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಇಳಿಯಿರಿ. ಫೋನಿನಲ್ಲಿ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಹತ್ತಿರದ ಸಿಡಿಲನ್ನು ತೋರಿಸುತ್ತದೆ.

ಉಡುಪಿಯಿಂದ: ಇಲ್ಲಿ 34 ಡಿಗ್ರಿ ಅಷ್ಟೇ, ಆದರೆ ಸೆಕೆ ವಿಪರೀತ. ಬೆವರು ಆರುವುದೇ ಇಲ್ಲ. ಕಲಬುರಗಿಯವರು ಹೇಳಿದ ಕೂಲರ್ ಇಲ್ಲಿ ಪ್ರಯೋಜನ ಇಲ್ಲ, ಫ್ಯಾನ್ ಅಥವಾ ಎಸಿ ಇರುವ ಕೋಣೆ ನೋಡಿ. ಮಗುವಿಗೆ ತೆಳು ಹತ್ತಿ ಬಟ್ಟೆ ಜಾಸ್ತಿ ತನ್ನಿ. ಘಾಟಿಯನ್ನು ಬೆಳಿಗ್ಗೆಯೇ ಇಳಿದುಬಿಡಿ.

ಕಲಬುರಗಿಯಿಂದ ಮತ್ತೆ: ಒಂದು ಬಿಟ್ಟಿದ್ದೆ. ನಮ್ಮಲ್ಲೂ ಸಂಜೆ ಗುಡುಗು ಬರುತ್ತದೆ, ಅದಕ್ಕೂ ಮೊದಲು ಧೂಳಿನ ಗಾಳಿ ಜೋರಾಗಿ ಬೀಸುತ್ತದೆ. ಮದುವೆ ಊಟ ಶಾಮಿಯಾನದಲ್ಲಿದ್ದರೆ, ಗಾಳಿ ಎದ್ದ ತಕ್ಷಣ ಅತ್ತೆಯವರನ್ನೂ ಮಗುವನ್ನೂ ಕಟ್ಟಡದ ಒಳಗೆ ಕರೆದುಕೊಂಡು ಹೋಗಿ.