ವಾಲಿಂಗ್‌ಫರ್ಡ್: ವಿಲಿಯಂ ಅಷ್ಟು ಸುತ್ತಿಕೊಂಡು ಇಲ್ಲಿಗೇ ಯಾಕೆ ಬಂದ?

ಪ್ರಶ್ನೆ
1066ರಲ್ಲಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ ನಾರ್ಮಂಡಿಯ ಡ್ಯೂಕ್ ವಿಲಿಯಂ, ಹೇಸ್ಟಿಂಗ್ಸ್ ಯುದ್ಧ ಗೆದ್ದ ಮೇಲೂ ನೇರವಾಗಿ ಲಂಡನ್ ಹೊಕ್ಕಲಿಲ್ಲ. ಪಶ್ಚಿಮಕ್ಕೆ ಸುತ್ತಿ ಬಂದು ವಾಲಿಂಗ್‌ಫರ್ಡ್‌ನಲ್ಲಿ ಥೇಮ್ಸ್ ದಾಟಿದ. ಈಗ ನೋಡಿದರೆ ಸಣ್ಣ ಊರು. ಆಗ ಅಲ್ಲಿ ಅಂಥದ್ದೇನಿತ್ತು?

ಉತ್ತರ 1
ಹೆಸರಲ್ಲೇ ಇದೆ ನೋಡಿ. ಕೊನೆಯ 'ಫರ್ಡ್' ಅಂದರೆ ಹಾಯ್ಗಡ. ಹೊಳೆಯನ್ನು ಇಳಿದು ದಾಟಬಹುದಾದ ಜಾಗ. ಲಂಡನ್ ಸೇತುವೆಗೆ ಬಲವಾದ ಕಾವಲಿತ್ತು. ದಂಡು, ಕುದುರೆ, ಸಾಮಾನು ಎಲ್ಲ ದಾಟಬೇಕಲ್ವಾ? ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಚರ್ಚಿನ ಹಿರಿಯ ಗುರು ಸ್ಟಿಗಂಡ್ ಬಂದು ವಿಲಿಯಂಗೆ ತಲೆಬಾಗಿದ್ದೂ ಇಲ್ಲೇ.

ನಾನು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಒಂದು ಭಾನುವಾರ ಹೋಗಿದ್ದೆ. ಕೈನ್‌ಕ್ರಾಫ್ಟ್ ಅನ್ನೋ ಬಯಲಿದೆ. ಅದರ ಅಂಚಿನಲ್ಲಿ ಹುಲ್ಲು ಬೆಳೆದ ಉದ್ದನೆಯ ಮಣ್ಣಿನ ದಿಬ್ಬ. ಸುಮ್ನೆ ಹತ್ತಿ ನಿಂತೆ. ಆಮೇಲೆ ಗೊತ್ತಾಯಿತು, ಅದು ವಿಲಿಯಂಗಿಂತ ಹಳೆಯದು, ಸ್ಯಾಕ್ಸನ್ನರ ಕೋಟೆಗೋಡೆ ಅಂತ. ವೈಕಿಂಗರ ಭಯಕ್ಕೆ ದೊರೆ ಆಲ್ಫ್ರೆಡ್‌ನ ವೆಸೆಕ್ಸ್ ರಾಜ್ಯ ಕಟ್ಟಿಕೊಂಡ ಕೋಟೆಯೂರುಗಳಲ್ಲಿ ಇದು ಬಹಳ ದೊಡ್ಡದು. ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೇ ಕಡೆ ಹೊಳೆ. ಸಾವಿರ ವರ್ಷ ಹಳೆಯ ಗೋಡೆಯ ಮೇಲೆ ಮಕ್ಕಳು ಜಾರಿ ಆಡುತ್ತಿದ್ದರು. ನನಗೆ ಮೈ ಜುಮ್ಮೆಂದಿತು.

ಉತ್ತರ 2
ಮಟಿಲ್ಡಾಳನ್ನೂ ಸೇರಿಸಿ. ಅವಳು ಒಂದನೇ ಹೆನ್ರಿಯ ಮಗಳು, ಸಿಂಹಾಸನಕ್ಕಾಗಿ ಸ್ಟೀಫನ್ನನ ಜೊತೆ ಕಾದಾಡುತ್ತಿದ್ದವಳು. 1142ರ ಚಳಿಗಾಲದಲ್ಲಿ ದೊರೆ ಸ್ಟೀಫನ್ ಅವಳನ್ನು ಆಕ್ಸ್‌ಫರ್ಡ್ ಕೋಟೆಯಲ್ಲಿ ಮುತ್ತಿದ್ದ. ಅವಳು ರಾತ್ರೋರಾತ್ರಿ ಹಿಮದಲ್ಲಿ ತಪ್ಪಿಸಿಕೊಂಡು ಸೇರಿದ್ದು ವಾಲಿಂಗ್‌ಫರ್ಡ್ ಕೋಟೆಗೆ. 1153ರಲ್ಲಿ ಅವಳ ಮಗ ಹೆನ್ರಿಯ ದಂಡೂ ಸ್ಟೀಫನ್ನನ ದಂಡೂ ಇಲ್ಲೇ ಎದುರುಬದುರಾದವು. ಸರದಾರರಿಗೆ ಕಾದಾಟ ಸಾಕಾಗಿತ್ತು. ಮಾತುಕತೆ ಶುರುವಾಯಿತು. ಸ್ಟೀಫನ್ ಬದುಕಿರುವವರೆಗೆ ಅವನೇ ದೊರೆ, ಆಮೇಲೆ ಹೆನ್ರಿ ಅಂತ ಆ ವರ್ಷವೇ ಒಪ್ಪಂದವಾಯಿತು. ಮುಂದೆ ಎರಡನೇ ಹೆನ್ರಿಯಾಗಿ ಪಟ್ಟಕ್ಕೆ ಬಂದವನು 1155ರಲ್ಲಿ ಊರಿಗೆ ಸನದು, ಅಂದರೆ ಹಕ್ಕುಪತ್ರ ಕೊಟ್ಟ.

ಪ್ರಶ್ನೆ ಕೇಳಿದವರು
ಹಾಗಾದರೆ ಊರು ಕುಗ್ಗಿದ್ದು ಯಾಕೆ?

ಉತ್ತರ 1
ಪ್ಲೇಗ್ ಬಂತು, ಜನ ಸತ್ತರು. ಆದರೆ ನನ್ನ ಪ್ರಕಾರ ಜಾಸ್ತಿ ಪೆಟ್ಟು ಕೊಟ್ಟಿದ್ದು ಅಬಿಂಗ್ಡನ್ ಸೇತುವೆ. 1416ರಲ್ಲಿ ಅಲ್ಲಿ ಸೇತುವೆ ಆಯಿತು. ವ್ಯಾಪಾರಿಗಳ ಗಾಡಿಗಳು ಆ ದಾರಿ ಹಿಡಿದವು. ಹೊಳೆ ದಾಟಿಸಿಯೇ ಬೆಳೆದ ಊರಿನ ಕಸುಬನ್ನೇ ಇನ್ನೊಂದು ಊರು ಕಿತ್ತುಕೊಂಡಿತು.

ಕೋಟೆ ಮಾತ್ರ ಸುಲಭವಾಗಿ ಸೋಲಲಿಲ್ಲ. ದೊರೆ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1646ರಲ್ಲಿ ದೊರೆಯ ಪಕ್ಷದ ಆಕ್ಸ್‌ಫರ್ಡೇ ಶರಣಾಯಿತು. ಇದು ಅದಾದ ಮೇಲೂ ಒಂದು ತಿಂಗಳು ತಡೆದು ನಿಂತಿತು. ಅಂಥ ಕೋಟೆಯನ್ನು ಮತ್ತೆ ಯಾರಾದರೂ ಹಿಡಿದಾರು ಅಂತ 1652ರಲ್ಲಿ ಒಡೆಸಿಬಿಟ್ಟರು. ಈಗ ಅಲ್ಲಿ ಹುಲ್ಲುಗಾವಲು, ನಡುನಡುವೆ ಕಲ್ಲುಗೋಡೆಯ ತುಂಡುಗಳು. ಹೋದರೆ ಅವನ್ನು ನೋಡಿ, ಹಾಗೇ ಹೊಳೆಯ ತನಕ ಇಳಿದು ಬನ್ನಿ.