ತಲೆ ತ್ರಿಕೋನ, ತಲೆ ದುಂಡು

ಗುಂಪು: ಮನೆ ಮಂದಿ, ಸಾಗರ

ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) ತಲೆ ತ್ರಿಕೋನ ಇದ್ರೆ ವಿಷದ ಹಾವು, ದುಂಡಗಿದ್ರೆ ಸಾಧು. ಮಳೆಗಾಲ, ಎಲ್ರೂ ಸೇವ್ ಮಾಡಿಟ್ಕೊಳಿ 🙏

ಪುಟ್ಟಿ: ಚಿಕ್ಕಪ್ಪ, ದಯವಿಟ್ಟು ಇದನ್ನ ಡಿಲೀಟ್ ಮಾಡಿ. ಹೆಡೆ ಬಿಚ್ಚದ ನಾಗರಹಾವಿನ ತಲೆ ಕೇರೆ ಹಾವಿನ ಹಾಗೇ ಕಾಣತ್ತೆ. ಕಟ್ಟು ಹಾವಿಂದೂ ದುಂಡು. ಹೆಬ್ಬಾವಿಗೆ ತ್ರಿಕೋನ ತಲೆ, ವಿಷಾನೇ ಇಲ್ಲ.

ಚಿಕ್ಕಪ್ಪ: ಕೊಳಕು ಮಂಡಲದ್ದು ತ್ರಿಕೋನ ಅಲ್ವೇನೇ? ಐವತ್ತು ವರ್ಷದಿಂದ ತೋಟದಲ್ಲಿ ಓಡಾಡ್ತಿದೀನಿ ನಾನು.

ಪುಟ್ಟಿ: ಮಂಡಲಕ್ಕೆ ಹೌದು. ಅದೊಂದನ್ನ ಹಿಡ್ಕೊಂಡು ಎಲ್ಲಕ್ಕೂ ಅದೇ ಅನ್ಬೇಡಿ.

ಚಿಕ್ಕಮ್ಮ: (ಫೋಟೊ) ನಿನ್ನೆ ರಾತ್ರಿ ಬಚ್ಚಲ ಸೌದೆ ಹತ್ರ ಇತ್ತು. ಕಪ್ಪು ಮೈ, ಬಿಳಿ ಪಟ್ಟೆ. ಕಟ್ಟು ಹಾವಾ? ಇವ್ರು ದೊಣ್ಣೆ ಎತ್ತಿದ್ರು, ನಾನೇ ಬೇಡ ಅಂದೆ.

ಪುಟ್ಟಿ: ದೊಡ್ಡದು ಮಾಡಿ ನೋಡ್ದೆ. ಟಾರ್ಚ್ ಬೆಳಕಲ್ಲಿ ಕಪ್ಪು ಕಂಡಿದೆ, ಮೈ ಕಂದು. ಪಟ್ಟೆ ಕುತ್ತಿಗೆ ಹತ್ರ ಎದ್ದು ಕಾಣತ್ತೆ, ಬಾಲಕ್ಕೆ ಹೋಗ್ತಾ ಮಾಸಿದೆ. ತೋಳ ಹಾವು ಇರ್ಬೇಕು, ವಿಷ ಇಲ್ಲ. ಕಟ್ಟು ಹಾವಿಗೆ ಉಲ್ಟಾ, ಕುತ್ತಿಗೆ ಹತ್ರ ಮಸುಕು, ಹಿಂದಕ್ಕೆ ಹೋದ ಹಾಗೆ ತೆಳು ಬಿಳಿ ಪಟ್ಟೆ ಜೋಡಿ ಜೋಡಿ. ಬೆನ್ನಿನ ನಡುವೆ ಒಂದು ಸಾಲು ದೊಡ್ಡ ಆರು ಮೂಲೆ ಹುರುಪೆ. ಅದನ್ನ ಎಣಿಸೋಕೆ ಬಗ್ಗಿ ನೋಡ್ಬೇಡಿ ಮತ್ತೆ.

ಚಿಕ್ಕಪ್ಪ: ತಲೆ ದುಂಡು, ವಿಷ ಇಲ್ಲ. ಪೋಸ್ಟರ್ ಸರಿ ಆಯ್ತಲ್ಲ 😎

ಬೆಂಗಳೂರಣ್ಣ: 😂😂 ಚಿಕ್ಕಪ್ಪ 1, ಪುಟ್ಟಿ 0

ಪುಟ್ಟಿ: ನಗ್ಬೇಡ ಅಣ್ಣಾ. ಆ ಸೌದೆ ಹತ್ರ ಕಟ್ಟು ಹಾವೇ ಇದ್ದಿದ್ರೂ ಪೋಸ್ಟರ್ ಸಾಧು ಅಂತಾನೇ ಹೇಳ್ತಿತ್ತು. ಅದು ಕಚ್ಚೋದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದೋರಿಗೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣ್ದೇ ಇರಬಹುದು. ಬೆಳಗ್ಗೆ ಹೊಟ್ಟೆನೋವು ಅಂತ ಏಳ್ತಾರೆ, ಮನೆಯೋರು ಗ್ಯಾಸು ಅಂತ ಓಮದ ಕಷಾಯ ಕೊಡ್ತಾರೆ. ರೆಪ್ಪೆ ಜೋತು ಬೀಳೋ ಹೊತ್ತಿಗೆ ಎಷ್ಟು ಸಮಯ ಹೋಗಿರತ್ತೆ!

ಬೆಂಗಳೂರಣ್ಣ: ಯಾವ ಹಾವು ಅಂತ ಗೊತ್ತಾಗ್ದೇ ಇಂಜೆಕ್ಷನ್ ಹೆಂಗೆ ಕೊಡ್ತಾರೆ? ಹೊಡೆದು ತಗೊಂಡು ಹೋಗ್ಬೇಕಲ್ವಾ?

ಪುಟ್ಟಿ: ಹೊಡೆಯೋಕೆ ಹೋದೋನಿಗೂ ಕಚ್ಚತ್ತೆ ಅಷ್ಟೆ. ನಾಗರ, ಕಟ್ಟು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ. ಡಾಕ್ಟ್ರು ಲಕ್ಷಣ ನೋಡಿ ಕೊಡ್ತಾರೆ. ಬಿಗಿಯಾಗಿ ಕಟ್ಟೋದು, ಕುಯ್ಯೋದು ಮಾಡ್ದೆ ಸೀದಾ ಆಸ್ಪತ್ರೆಗೆ ಹೋಗ್ಬೇಕು.

ಚಿಕ್ಕಮ್ಮ: ನೆಲದ ಮೇಲೆ ಅಂದ್ಯಾ? ನಿಮ್ಮ ಚಿಕ್ಕಪ್ಪ ದಿನಾ ಜಗಲೀಲಿ ಚಾಪೆ ಹಾಸ್ಕೊಂಡು ಮಲಗೋದು. ಇವತ್ತಿಂದ ಮಂಚ, ಸೊಳ್ಳೆಪರದೆ ಸಮೇತ.

ಚಿಕ್ಕಪ್ಪ: ಮಂಚದ ಮೇಲೆ ಅಡಿಕೆ ಮೂಟೆ ಇದೆ.